ಟವೆಲ್ ಹಿಡಿದು ನಿಂತವರು

ಆ ವರ್ಷ ನಾನು ಹನ್ನೊಂದು ಈಜುಡುಗೆ ಹೊಲಿದೆ. ಅದರಲ್ಲಿ ಒಂದನ್ನೂ ನನ್ನ ಮಗಳು ತೊಡಲಿಲ್ಲ.

ನಾವಿರುವುದು ನ್ಯೂಜಿಲೆಂಡಿನಲ್ಲಿ, ಕ್ರೈಸ್ಟ್‌ಚರ್ಚ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆ ದೂರದ, ಸಮುದ್ರದ ದಂಡೆಯ ಸಣ್ಣ ಊರಿನಲ್ಲಿ. ಪ್ರತಿ ಜನವರಿಯಲ್ಲಿ ಒಂದು ದಿನ ಈ ಊರಿಗೆ ವಿಕ್ಟೋರಿಯಾ ರಾಣಿಯ ಕಾಲ ಮೈಮೇಲೆ ಬರುತ್ತದೆ. ಬ್ಯಾಂಕಿನಲ್ಲಿ ಕೂರುವವನು ಹುಲ್ಲಿನ ಟೋಪಿ ಇಟ್ಟು ಮೀಸೆ ಅಂಟಿಸಿಕೊಳ್ಳುತ್ತಾನೆ, ಹೆಂಗಸರು ಲೇಸಿನ ಕೊಡೆ ಹಿಡಿದು ದಂಡೆಯ ಮೇಲೆ ಅಡ್ಡಾಡುತ್ತಾರೆ. ಅಂದಿನವರು ಕಡಲ ತೀರಕ್ಕೆ ರಜೆಗೆ ಬಂದಾಗ ಹೇಗಿದ್ದರೋ ಹಾಗೇ ಇರಬೇಕೆಂಬುದು ಸಮಿತಿಯವರ ಹಟ. ಎಲ್ಲಕ್ಕಿಂತ ದೊಡ್ಡ ಆಕರ್ಷಣೆ ಸ್ನಾನದ ಗಾಡಿ. ಗಾಲಿಗಳ ಮೇಲೊಂದು ಮರದ ಕೋಣೆ. ಆ ಕಾಲದ ಹೆಂಗಸರು ಅದರೊಳಗೆ ಕೂತು ಬಟ್ಟೆ ಬದಲಾಯಿಸುವಷ್ಟರಲ್ಲಿ ಕುದುರೆ ಅದನ್ನು ನೀರಿಗೆ ಎಳೆದೊಯ್ಯುತ್ತಿತ್ತಂತೆ. ಅವರು ಮೆಟ್ಟಿಲಿಳಿದು ನೇರವಾಗಿ ಸಮುದ್ರಕ್ಕೇ ಕಾಲಿಡುತ್ತಿದ್ದರಂತೆ. ಇಷ್ಟೆಲ್ಲ ಮುಚ್ಚುಮರೆ ಮಾಡಿ ತೊಡುತ್ತಿದ್ದದ್ದೇನು? ಮೊಣಕಾಲು ದಾಟುವ ಚಡ್ಡಿ, ಅದರ ಮೇಲೊಂದು ನಿಲುವಂಗಿ, ಕಾಲುಚೀಲ, ತಲೆಗೆ ಟೋಪಿ. ದಾವಣಗೆರೆಯಲ್ಲಿರುವ ನನ್ನಮ್ಮ ಚಿತ್ರ ನೋಡಿ, "ಇವ್ರು ನಮಗಿಂತ ಮಡಿವಂತ್ರು ಕಣೇ" ಎಂದು ನಕ್ಕಿದ್ದಳು.

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್, ಕೆಲಸ ರಸ್ತೆ, ಸೇತುವೆಗಳದ್ದು. ಹೊಲಿಗೆ ಮಾತ್ರ ಅಮ್ಮನಿಂದ ಬಂದದ್ದು. ಅವಳು ಬೀದಿಯವರ ರವಿಕೆಗಳನ್ನೆಲ್ಲ ಹೊಲಿದು ನನ್ನನ್ನು ಓದಿಸಿದವಳು. ನನಗೆ ಮೆಷಿನ್ ಬರುತ್ತದೆಂದು ಸಮಿತಿಗೆ ಹೇಗೋ ಗೊತ್ತಾಯಿತು, ಕೇಳಿದರು, ನಾನು ಹಿಗ್ಗಿ ಒಪ್ಪಿದೆ. ಕರೆದರಲ್ಲ ಎಂಬುದೇ ದೊಡ್ಡದಾಗಿತ್ತು. ಮೂರು ತಿಂಗಳು ಶನಿವಾರ, ಭಾನುವಾರ ಎಲ್ಲ ಕಡುನೀಲಿ ಉಣ್ಣೆ ಬಟ್ಟೆಗೇ ಹೋಯಿತು. ಅದು ದಪ್ಪ ಬಟ್ಟೆ, ಸೂಜಿ ಮುರಿಯುತ್ತಿತ್ತು. ಕಾಲರಿಗೆ, ಅಂಚಿಗೆ ಬಿಳಿ ಪಟ್ಟಿ ಕೂರಿಸುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತಿತ್ತು.

ಮೊದಲು ಹೊಲಿದದ್ದು ಒಂಬತ್ತು ವರ್ಷದ ಮಗಳ ಅಳತೆಗೆ. ಮೂವರು ಹುಡುಗಿಯರು ಕೈಕೈ ಹಿಡಿದು ಗಾಡಿಯಿಂದ ಇಳಿಯಬೇಕು, ಅಲೆ ತಾಕಿದೊಡನೆ ಕಿರುಚಬೇಕು. ಆ ಮೂವರಲ್ಲಿ ನನ್ನ ಮಗಳೂ ಒಬ್ಬಳು. ಮನೆಯ ಮೆಟ್ಟಿಲ ಮೇಲೆ ಇಳಿಯುವುದನ್ನು, ಬಚ್ಚಲಲ್ಲಿ ತಣ್ಣೀರು ಬಿಟ್ಟುಕೊಂಡು ಕಿರುಚುವುದನ್ನು ಅವಳು ಅಭ್ಯಾಸ ಮಾಡಿದ್ದೇ ಮಾಡಿದ್ದು. ಅವಳ ಕಿರುಚಾಟಕ್ಕೆ ಪಕ್ಕದ ಮನೆಯವರು ಬಂದು ಏನಾಯಿತೆಂದು ಕೇಳಿದ್ದೂ ಉಂಟು.

ಹಬ್ಬಕ್ಕೆ ಒಂದು ವಾರವಿರುವಾಗ ಕಡೆಯ ಸಭೆ ಸೇರಿತು. ಸಮಿತಿಯ ಅಧ್ಯಕ್ಷೆ ಕೆಟ್ಟವರೆಂದರೆ ನನ್ನ ಬಾಯಲ್ಲಿ ಹುಳ ಬೀಳುತ್ತದೆ. ನಾವು ಈ ಊರಿಗೆ ಬಂದ ಮೊದಲ ವಾರ ಬಿಸಿ ಸೂಪು ತಂದುಕೊಟ್ಟವರು ಅವರೇ. ಅವತ್ತು ನನ್ನ ಹೊಲಿಗೆಯನ್ನು ಹೊಗಳಿ, ಎಲ್ಲರಿಂದ ಚಪ್ಪಾಳೆ ಹೊಡೆಸಿ, ಆಮೇಲೆ ಹೇಳಿದರು: "ನನಗೊಂದು ಸೊಗಸಾದ ಯೋಚನೆ ಬಂದಿದೆ. ಆ ಕಾಲದಲ್ಲಿ ಇಂಡಿಯಾದಿಂದ ರಜೆಗೆ ಬರುತ್ತಿದ್ದ ಇಂಗ್ಲಿಷ್ ಕುಟುಂಬಗಳು ಆಯಾಗಳನ್ನೂ ಕರೆತರುತ್ತಿದ್ದವು. ನೀನು ಆಯಾ, ಮಗಳು ನಿನ್ನ ಪುಟ್ಟ ಸಹಾಯಕಿ. ಟವೆಲ್ ಹಿಡಿದು ನೀರಿನಂಚಿನಲ್ಲಿ ನಿಂತರೆ ಎಷ್ಟು ನೈಜವಾಗಿರುತ್ತೆ, ಅಲ್ವಾ?"

ಇಪ್ಪತ್ತು ಮುಖಗಳು ನನ್ನತ್ತ ತಿರುಗಿ ನಗುತ್ತಿದ್ದವು. ಮಗಳು ಪಕ್ಕದಲ್ಲೇ ತನ್ನ ಉಡುಗೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಈ ದಂಡೆಗೆ ಯಾವತ್ತಾದರೂ ಆಯಾ ಬಂದಿದ್ದಳೇ ಎಂದು ನಾನು ಕೇಳಲಿಲ್ಲ. "ನೋ ಪ್ರಾಬ್ಲಮ್" ಎಂದೆ. ಎರಡು ಸಲ ಎಂದೆ.

ಕಾರಿನಲ್ಲಿ ಮಗಳು ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಮಾತು, ನಾನು ಕಿರುಚಿದ್ದು ಚೆನ್ನಾಗಿರಲಿಲ್ಲವಾ ಎಂದು.

"ಚೆನ್ನಾಗೇ ಇತ್ತು ಪುಟ್ಟಾ. ಆದ್ರೆ ಇದು ಇನ್ನೂ ಇಂಪಾರ್ಟೆಂಟ್ ಪಾರ್ಟು. ಇದು ನಮಗೆ ಮಾತ್ರ ಮಾಡೋಕೆ ಬರೋದು. ನಾವು ಹಿಂಗಿದ್ರೇನೇ ಚೆಂದ ಕಾಣೋದು" ಎಂದೆ.

ಅವಳು ಆಯಿತೆಂದು ತಲೆಯಾಡಿಸಿದಳು. ಅವಳ ಉಡುಗೆಯನ್ನು ಬೇರೆ ಹುಡುಗಿಗೆ ಕೊಡಬೇಕಾಯಿತು. ಆ ಹುಡುಗಿ ಸ್ವಲ್ಪ ದಪ್ಪ. ಮರುದಿನ ಕೂತು ಹೊಲಿಗೆ ಬಿಚ್ಚಿ, ಪಕ್ಕ ಸಡಿಲಿಸಿ, ಅದನ್ನು ಆ ಹುಡುಗಿಯ ಅಳತೆಗೆ ತಂದವಳೂ ನಾನೇ. ನಾನು ಮುಖ ಊದಿಸಿಕೊಂಡದ್ದು ಕಂಡು ನನ್ನ ಗಂಡ, "ಒಂದು ದಿನದ ನಾಟ್ಕ ಅದು. ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಂತೀಯ?" ಎಂದ. ಅವನಿಗೆ ಎದುರು ಮಾತಾಡಲು ನನಗೇನು ಮುಖವಿತ್ತು? ಒಪ್ಪಿಕೊಂಡು ಬಂದವಳು ನಾನಲ್ಲವೇ.

ಹಬ್ಬದ ದಿನ ಬೆಳಿಗ್ಗೆ ಅಮ್ಮ ವಿಡಿಯೋ ಕಾಲ್ ಮಾಡಿದಳು. ನನ್ನನ್ನು ನೋಡಿದ್ದೇ ತಡ, "ಅಯ್ಯೋ, ಬಿಳೀ ಸೀರೆ ಯಾಕೆ ಉಟ್ಟಿದೀಯೇ? ಗಂಡ ಗುಂಡುಕಲ್ಲಿನಂಗೆ ಇರುವಾಗ! ಬಿಡ್ತು ಅನ್ನು" ಎಂದಳು. "ಬಿಡ್ತು" ಎಂದೆ. ಅದು ಸೀರೆಯೂ ಅಲ್ಲ, ಎರಡು ಬೆಡ್‌ಶೀಟು ಜೋಡಿಸಿ ಹೊಲಿದದ್ದು ಎಂದು ಹೇಳಲಿಲ್ಲ.

ಕುದುರೆ ಸಿಗಲಿಲ್ಲವಂತೆ. ಯಾರದೋ ಯೂಟ್, ಅಂದರೆ ಪಿಕಪ್ ವ್ಯಾನು, ತಂದು, ಅದರ ಮೇಲೆ ಗೋಣಿತಾಟು ಹೊದಿಸಿ, ಗಾಡಿಯನ್ನು ಅದರಿಂದಲೇ ಎಳೆಸಿದರು. ರಾಣಿಯ ಕಾಲದ ದೊಡ್ಡ ಮನುಷ್ಯರು ಕಪ್ಪು ಕನ್ನಡಕ ಹಾಕಿಕೊಂಡು ಐಸ್ಕ್ರೀಮು ನೆಕ್ಕುತ್ತಿದ್ದರು. ಕುದುರೆಯ ಬದಲು ಟೊಯೋಟಾ ನಡೆಯುತ್ತದೆ, ಆದರೆ ಕಂದುಬಣ್ಣದ ಹುಡುಗಿ ಗಾಡಿಯಿಂದ ಇಳಿದರೆ ಇತಿಹಾಸ ಕೆಡುತ್ತದೆ. ಅಲ್ಲೇ ನಿಂತು ಇದನ್ನೇ ಯೋಚಿಸುತ್ತಿದ್ದೆ. ಆದರೂ ಮುಖದ ಮೇಲೆ ನಗು ಇಟ್ಟುಕೊಂಡೇ ಇದ್ದೆ.

ಮೂವರು ಹುಡುಗಿಯರು ಇಳಿದರು, ಕಿರುಚಿದರು. ಅದೇನು ಕಿರುಚಾಟ, ನನ್ನ ಮಗಳದ್ದರ ಅರ್ಧಕ್ಕೂ ಬರಲಿಲ್ಲ. ಅವರು ನಡುಗುತ್ತ ಮೇಲೆ ಬಂದಾಗ ಮಗಳು ಒಬ್ಬೊಬ್ಬರಿಗೂ ಟವೆಲ್ ಸುತ್ತಿದಳು, ಕೆಳಗೆ ಬಿದ್ದ ಟೋಪಿ ಎತ್ತಿಕೊಟ್ಟಳು. ಯಾರೂ ಹೇಳಿಕೊಡದೆ, ಒಂದು ಹುಡುಗಿಯ ಕಾಲಿನ ಮರಳನ್ನು ಬಗ್ಗಿ ಒರೆಸಿದಳು. ಜನ "ಆಹಾ" ಎಂದರು. ಪ್ರವಾಸಕ್ಕೆ ಬಂದವರೊಬ್ಬರು ನಮ್ಮಿಬ್ಬರ ಫೋಟೋ ತೆಗೆದು, ಎಲ್ಲಕ್ಕಿಂತ ನೀವೇ ನಿಜವಾದವರ ಹಾಗೆ ಕಾಣುತ್ತೀರಿ ಎಂದು ಹೊಗಳಿದರು. ನಾನು ಥ್ಯಾಂಕ್ಸ್ ಹೇಳಿದೆ.

ಆಮೇಲಿನ ಹತ್ತು ಹನ್ನೊಂದು ತಿಂಗಳು ನಾನು ಮನಸ್ಸಿನಲ್ಲೇ ಜಗಳವಾಡಿದೆ. ಪಾತ್ರೆ ತೊಳೆಯುವಾಗ, ಕಾರು ಓಡಿಸುವಾಗ, ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ. ಮುಂದಿನ ಡಿಸೆಂಬರಿನ ಸಭೆಗೆ ಮಗಳನ್ನು ಕರೆದುಕೊಂಡೇ ಹೋದೆ, ಅವಳ ಕಣ್ಣೆದುರಿಗೇ ಆಗಲಿ ಎಂದು. ಪಾತ್ರಗಳ ಪಟ್ಟಿ ಓದುವ ಮೊದಲೇ ಎದ್ದು ನಿಂತೆ. "ಹೋದ ಸಲ ನೀವು ನನ್ನ ಮಗಳಿಗೆ ಮಾಡಿದ್ದು ಸರಿಯಲ್ಲ. ನಾನು ಒಪ್ಪಿದ್ದೂ ಸರಿಯಲ್ಲ. ಈ ಸಲ ಅವಳು ಗಾಡಿಯಿಂದ ಇಳಿಯುತ್ತಾಳೆ. ಇಲ್ಲದಿದ್ದರೆ ನಾನು ಹೊಲಿಯುವುದಿಲ್ಲ" ಎಂದೆ.

ಅಧ್ಯಕ್ಷೆಯ ಮುಖ ಕೆಂಪಾಯಿತು. "ಖಂಡಿತ. ನಾವು ಯೋಚಿಸಬೇಕಿತ್ತು. ನನ್ನದು ತಪ್ಪಾಯಿತು" ಎಂದರು. ಬಾಯಿಮಾತಿಗೆ ಹೇಳಿದ್ದಲ್ಲ, ನಿಜವಾಗಿಯೇ ಹೇಳಿದರು. ನಾನು ಗೆದ್ದೆ ಎಂದುಕೊಂಡೆ. ಅವರು ಮಗಳ ಕಡೆಗೆ ಬಾಗಿ, "ಈ ಸಲ ನೀನು ಗಾಡಿಯಿಂದ ಇಳಿಯುತ್ತೀಯಾ?" ಎಂದು ಕೇಳಿದರು.

"ಬೇಡ, ಥ್ಯಾಂಕ್ಸ್" ಎಂದಳು ಮಗಳು, ಒಂದಿಷ್ಟೂ ಬೇಸರವಿಲ್ಲದೆ. "ನಾನು ಟವೆಲ್ಲೇ ಹಿಡಿಯುತ್ತೇನೆ. ಗಾಡಿಯಿಂದ ನಾನು ಇಳಿದರೆ ಚೆಂದ ಕಾಣುವುದಿಲ್ಲ."

ಎಲ್ಲರೂ ತಲೆ ತಗ್ಗಿಸಿದರು. ಆ ಮಾತನ್ನು ಅವಳಿಗೆ ಅವರು ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಹೇಳಿಕೊಟ್ಟಿದ್ದೆ.