ಮುಟ್ಟದೆ ಇಟ್ಟ ಕಾಫಿ

ಪಕ್ಕದ ಸಮುದ್ರದಲ್ಲಿ ಯುದ್ಧ ನಡೆದ ವರ್ಷಗಳಲ್ಲಿ ಪ್ರವಾಸಿ ಹಡಗುಗಳು ಒಮಾನಿನ ಸಲಾಲಾ ಬಂದರನ್ನು ತಮ್ಮ ಪಟ್ಟಿಯಿಂದ ತೆಗೆದುಹಾಕಿದ್ದವು. ನಾನು ಕೆಲಸಕ್ಕಿದ್ದ ಪ್ರವಾಸ ಕಂಪನಿಯಲ್ಲಿ ಅರ್ಧಕ್ಕರ್ಧ ಕುರ್ಚಿಗಳು ಖಾಲಿಯಾಗಿದ್ದವು. ಕೊನೆಗೊಂದು ಬೆಳಿಗ್ಗೆ, ಮೊದಲ ಹಡಗು ಮರಳಿ ಬರುತ್ತದೆಂಬ ಸುದ್ದಿ ಬಂತು. ಉಳಿದವರು ಸಿಹಿ ಹಂಚಿದರು. ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಮತ್ತೆ ಆರಂಭಿಸುವುದಾದರೆ ಹಳೆಯ ಅಧ್ವಾನವನ್ನೇ ಏಕೆ ಆರಂಭಿಸಬೇಕು? ಹತ್ತಿರದ ಮಿರ್ಬಾತ್‌ ಊರಿನ ಮೀನುಗಾರರು ಪ್ರವಾಸಿಗಳನ್ನು ಡಾಲ್ಫಿನ್ ತೋರಿಸಲು ಕರೆದೊಯ್ಯುವಾಗ ದೋಣಿಯಲ್ಲಿ ಹಿಡಿಸುವಷ್ಟೂ ಜನರನ್ನು ತುಂಬುತ್ತಿದ್ದರು. ಲೈಫ್ ಜಾಕೆಟ್‌ಗಳು ಹಲಗೆಯ ಕೆಳಗೆ ಕೊಳೆಯುತ್ತಿವೆ ಎಂದು ಹೋಗಿಬಂದವರು ದೂರುತ್ತಿದ್ದರು.

ಮೈಸೂರಿನ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವನು ನಾನು. ಬರಬಹುದಾದ ಆಕ್ಷೇಪಗಳನ್ನೆಲ್ಲ ಊಹಿಸಿ, ಒಂದೊಂದಕ್ಕೂ ಉತ್ತರ ಹೊಂದಿಸಿ, ಆರು ನಿಯಮಗಳ ಒಪ್ಪಂದಪತ್ರವೊಂದನ್ನು ಬರೆದೆ. ಐದನೆಯದು: ಹದಿನೈದು ವರ್ಷ ದಾಟಿದ ದೋಣಿಗೆ ಅವಕಾಶವಿಲ್ಲ. ಅದನ್ನು ಬರೆಯುವಾಗ ಮಿರ್ಬಾತ್‌ನ ಒಂದು ದೋಣಿಯನ್ನೂ ನಾನು ಹತ್ತಿರದಿಂದ ನೋಡಿರಲಿಲ್ಲ.

ಅಲ್ಲಿನ ದೋಣಿಯವರೆಲ್ಲ ಮಾತು ಕೇಳುತ್ತಿದ್ದ ಹಿರಿಯರೊಬ್ಬರಿದ್ದರು. ಅವರನ್ನು ಒಪ್ಪಿಸಲು ಮಂಗಳೂರಿನ ಸಹೋದ್ಯೋಗಿಯೊಬ್ಬರ ಜೊತೆ ಹೊರಟೆ. ಅರಬ್ಬಿ ಅವರಿಗೆ ಕೊಂಕಣಿಯಷ್ಟೇ ಸಲೀಸು.

"ಅಲ್ಲಿ ಹೋಗಿ ಭಾಷಣ ಶುರು ಮಾಡ್ಬೇಡಿ ಮಾರಾಯ್ರೆ," ಎಂದರು ಅವರು ಕಾರು ನಡೆಸುತ್ತ. "ಮೊದ್ಲು ಖರ್ಜೂರ, ಕಾಫಿ, ಮನೆಯವ್ರ ಕ್ಷೇಮ. ಮತ್ತೆ ನಿಮ್ಮ ಆರು ನಿಯಮ."

"ಹೊತ್ತಿಲ್ಲ ರೀ. ಹಡಗು ಬರೋಕೆ ಹನ್ನೆರಡೇ ದಿನ."

"ಹಡಗು ಬರ್ತದೆ. ಅಜ್ಜ ಎಲ್ಲಿಗೂ ಓಡುದಿಲ್ಲ."

ಅಂದು ಏಕಾದಶಿ. ಎಷ್ಟೋ ಆಚಾರಗಳನ್ನು ವಾದ ಮಾಡಿ ಕಳಚಿಕೊಂಡಿದ್ದ ನಾನು, ತಂದೆ ತೀರಿಕೊಂಡ ವರ್ಷದಿಂದ ಇದೊಂದನ್ನು ಮಾತ್ರ ಏಕೆಂದು ಕೇಳದೆ ಹಿಡಿದುಕೊಂಡಿದ್ದೆ. ಮರುದಿನ ಬೆಳಗಿನವರೆಗೆ ನೀರನ್ನೂ ಕುಡಿಯುವುದಿಲ್ಲ. ಮಿರ್ಬಾತ್‌ನ ತಮ್ಮ ಮನೆಯಲ್ಲಿ ಹಿರಿಯರು ತಾವೇ ಕಾಫಿ ಬಗ್ಗಿಸಿ ಕೊಟ್ಟಾಗ ಬೇಡವೆನ್ನುವುದು ಅಸಭ್ಯವೆನಿಸಿ ಬಲಗೈಯಲ್ಲಿ ಬಟ್ಟಲನ್ನು ತೆಗೆದುಕೊಂಡೆ. ತುಟಿಗೆ ತಾಗಿಸದೆ ಚಾಪೆಯ ಮೇಲಿಟ್ಟೆ.

ಹಿರಿಯರು ಹೂಜಿಯನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಬಳಿಕ "ಅಬ್ಶಿರ್" ಎಂದರು.

"ನೀವು ಕೇಳಿದ್ದು ಆಯ್ತು ಅಂತ ಹೇಳಿದ್ರು," ಎಂದರು ಸಹೋದ್ಯೋಗಿ ತಗ್ಗಿದ ದನಿಯಲ್ಲಿ. "ಇಲ್ಲಿ ಕಾಫಿ ಕುಡಿಯದೆ ಕೆಳಗಿಟ್ರೆ ಎಂತದೋ ಕೇಳ್ಲಿಕ್ಕೆ ಉಂಟು, ಒಪ್ಪುವವರೆಗೆ ಮುಟ್ಟುದಿಲ್ಲ ಅಂತ ಅರ್ಥ."

"ನಾನಿನ್ನೂ ಏನೂ ಕೇಳೇ ಇಲ್ಲವಲ್ಲ."

"ಅದೇ ಹೇಳುದು. ಕೇಳುವ ಮೊದ್ಲೇ ಕೊಟ್ರು."

ಹೊಂದಿಸಿ ತಂದಿದ್ದ ಉತ್ತರಗಳಿಗೆ ಪ್ರಶ್ನೆಗಳೇ ಇಲ್ಲವಾದವು. ಹೀಗೆ ಗೆಲ್ಲುವುದು ಸರಿಯಲ್ಲವೆನಿಸಿ, ಇದು ಬೇಡಿಕೆಯಲ್ಲ, ಉಪವಾಸ ಎಂದು ಹೇಳಿಸಿದೆ. ಹಿರಿಯರು ಭುಜ ಕುಲುಕಿಸಿ ನಕ್ಕರು. ಅವರ ಉತ್ತರವನ್ನು ಸಹೋದ್ಯೋಗಿ ಕನ್ನಡಕ್ಕೆ ತಂದರು: "ಉಪವಾಸದವನಿಗೆ ಕಾಫಿ ಕೊಟ್ಟದ್ದು ನನ್ನ ತಪ್ಪು. ಆದ್ರೆ ಮಾತು ಕೊಟ್ಟಾಯ್ತು. ಕಾಗದ ಓದು."

ಸಹೋದ್ಯೋಗಿ ಓದಿದರು. ಐದನೆಯದು ಬಂದಾಗ ಅವರ ದನಿ ಇಳಿಯಿತು. ಹಿರಿಯರು ಅದನ್ನು ಇನ್ನೊಮ್ಮೆ ಓದಿಸಿ, ಸಹಿ ಹಾಕಿದರು.

ದನಿ ಇಳಿದ ಕಾರಣವನ್ನು ಸಹೋದ್ಯೋಗಿ ಹೇಳಿದ್ದು ದಡಕ್ಕೆ ಬಂದ ಮೇಲೆ. ಅಲ್ಲಿದ್ದ ದೋಣಿಗಳಲ್ಲಿ ಹದಿನೈದು ದಾಟಿದ್ದು ಹಿರಿಯರದೊಂದೇ. ಪ್ರವಾಸಿಗಳಿಲ್ಲದ ವರ್ಷಗಳಲ್ಲಿ ಅವರು ಅದರ ಹಲಗೆಗಳನ್ನು ಒಂದೊಂದಾಗಿ ಬದಲಿಸಿ, ಎಣ್ಣೆ ಉಣ್ಣಿಸಿ, ಇದೇ ಹಡಗಿಗಾಗಿ ಕಾದಿದ್ದರು. ಪಕ್ಕದ ಹೊಸ ಫೈಬರ್ ದೋಣಿಗಳಿಗಿಂತ ಅದು ಗಟ್ಟಿಯಾಗಿತ್ತು.

"ನೀವು ಅಲ್ಲೇ ಹೇಳಬಾರದಿತ್ತೇ?" ಎಂದೆ.

"ಬರೆದದ್ದು ಯಾರು, ನಾನಾ?"

ಓಡುತ್ತಲೇ ಹಿಂದಿರುಗಿ, ಆ ನಿಯಮವನ್ನು ಅವರ ದೋಣಿಗೆ ಅನ್ವಯಿಸುವುದಿಲ್ಲ ಎಂದೆ. ಹಿರಿಯರು ಬೇಡವೆಂದು ತಲೆಯಾಡಿಸಿದರು. ತಮ್ಮ ದೋಣಿಯೊಂದನ್ನೇ ನಿಯಮದಿಂದ ಬಿಟ್ಟರೆ ಉಳಿದವರು ನಾಳೆ ಜಾಕೆಟ್ ತೊಡಿಸುತ್ತಾರೆಯೇ ಎಂದು ಕೇಳಿದರು. ನನ್ನ ತಯಾರಿಯಲ್ಲಿ ಈ ಪ್ರಶ್ನೆ ಇರಲಿಲ್ಲ.

ಹಡಗು ಬಂದ ದಿನ ದೋಣಿಗಳು ಸಾಲಾಗಿ ಹೊರಟವು. ಹಿರಿಯರು ಮೊಣಕಾಲುದ್ದ ನೀರಿನಲ್ಲಿ ನಿಂತು ಪ್ರತಿಯೊಬ್ಬರ ಜಾಕೆಟ್‌ನ ಪಟ್ಟಿಯನ್ನೂ ಎಳೆದು ಬಿಗಿದರು. ಅವರ ದೋಣಿ ಮರಳಿನ ಮೇಲೆಯೇ ಉಳಿಯಿತು. ಮುಪ್ಪಾದ ದಂಪತಿ ಅದನ್ನೇ ತೋರಿಸಿ, ಅದರಲ್ಲಿ ಹೋಗಬಹುದೇ ಎಂದು ನನ್ನನ್ನು ಕೇಳಿದರು. ಇಲ್ಲವೆಂದು ಹೇಳಿ ಅವರನ್ನು ಪಕ್ಕದ ಫೈಬರ್ ದೋಣಿಗೆ ಹತ್ತಿಸಿದೆ.

ದೋಣಿಯ ವಯಸ್ಸನ್ನಲ್ಲ, ಸ್ಥಿತಿಯನ್ನು ನೋಡಬೇಕು, ಎಲ್ಲ ದೋಣಿಗಳನ್ನೂ ತಪಾಸಣೆ ಮಾಡಿಸಬೇಕು ಎಂದು ಅಂದೇ ಮ್ಯಾನೇಜರಿಗೆ ಬರೆದೆ. "ಎಲ್ಲಾ ಸುಸೂತ್ರವಾಗಿ ಆಗಿದೆಯಲ್ರೀ, ಈಗ್ಯಾಕೆ ಕೈ ಹಾಕ್ತೀರಿ?" ಎಂದರು ಆ ಬೆಂಗಳೂರಿನವರು. ಮೂರನೆಯ ಸಲ ಬರೆದಾಗ ಬೇಸತ್ತು ಒಪ್ಪಿದರು.

ಮುಂದಿನ ಹಡಗು ಗುರುವಾರ ಬರುತ್ತದೆ. ನಾಳೆ ತಪಾಸಕರನ್ನು ಮಿರ್ಬಾತ್‌ಗೆ ಕರೆದೊಯ್ಯುವವನು ನಾನೇ. ಅವರು ಏನೆನ್ನುತ್ತಾರೋ ತಿಳಿಯದು. ಆ ಹಳೆಯ ದೋಣಿಗೂ ತಪಾಸಕರ ಸಹಿ ಬೀಳುವವರೆಗೆ ಹಿರಿಯರಿಗೆ ಏನನ್ನೂ ಹೇಳಬೇಡಿ ಎಂದು ಸಹೋದ್ಯೋಗಿಯನ್ನು ಕೇಳಿಕೊಂಡಿದ್ದೇನೆ.