ಟೈಲರ್ ಮಾವನ ಹೆಬ್ಬಾವು
ಹೊರದೇಶದ ಹೆಬ್ಬಾವು ಸಾಕಿದ್ದ ಟೈಲರ್ ಮಾವನ ಜೊತೆ ವಾದಕ್ಕಿಳಿದು ಗೆದ್ದವರೇ ಇಲ್ಲ. "ನಿಮ್ಮ ನಾಯಿ ಕಚ್ಚುತ್ತೆ, ನನ್ನ ಹಾವು ಯಾರನ್ನಾದ್ರೂ ಮುಟ್ಟಿದ್ಯಾ?" ಎಂದು ಕತ್ತರಿಯಾಡಿಸುತ್ತ ಕೇಳಿದರೆ, ಅಂಗಿ ಹೊಲಿಸಲು ಬಂದವರು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು. ಕಾಡುಪ್ರಾಣಿ ಮನೆಯಲ್ಲಿರಬಾರದು ಎಂದವರಿಗೆ, "ಕಾಡು ಎಲ್ಲಿ ಉಳ್ಸಿದೀರಿ, ತೋರ್ಸಿ" ಎನ್ನುತ್ತಿದ್ದ. ಹೆಂಡತಿ ಎಷ್ಟು ಗೋಗರೆದರೂ ಕಿವಿಗೆ ಹಾಕಿಕೊಳ್ಳದೆ, ಪ್ರತಿ ಭಾನುವಾರ ಟೇಪು ಹಿಡಿದು ಹಾವಿನ ಅಳತೆ ತೆಗೆದು ಪುಸ್ತಕದಲ್ಲಿ ಬರೆಯುತ್ತಿದ್ದ. ಅದರ ಕೆಳಗಿನ ಸಾಲಿನಲ್ಲೇ ಮೊಮ್ಮಗಳ ಫ್ರಾಕಿನ ಅಳತೆ. ಮೊನ್ನೆ ಯಾರೋ ಹೆಸರು ಹಾಕದೆ ಕಳಿಸಿದ ದೂರು ಹಿಡಿದು ಅರಣ್ಯ ಇಲಾಖೆಯವರು ಬಂದಾಗ, ಬೀದಿಗೆಲ್ಲ ಕೇಳುವಂತೆ ಒಂದು ಗಂಟೆ ಜಗಳವಾಡಿದ. ಹಾವು ತುಂಬಿದ ಪೆಟ್ಟಿಗೆ ಜೀಪು ಹತ್ತಿದ ಮೇಲೆ ದೂರಿನ ಪ್ರತಿ ಹೆಂಡತಿಯ ಕೈಗೆ ಬಂತು. "ಹಾವಿನ ಸುತ್ತಳತೆ ಇಪ್ಪತ್ತೂಕಾಲು ಇಂಚು. ಮನೆಯ ಮಗುವಿನ ಎದೆ ಸುತ್ತಳತೆ ಇಪ್ಪತ್ತೊಂದು. ದಯವಿಟ್ಟು ಬೇಗ ಬನ್ನಿ" ಎಂದಿತ್ತು. ಟೇಪು ಹಿಡಿದವರಿಗಲ್ಲದೆ ಇನ್ಯಾರಿಗೆ ಗೊತ್ತು ಆ ಕಾಲಿಂಚು? ಆಕೆ ಒಳಗೆ ಹೋಗಿ ನೋಡಿದರೆ, ಹಾವು ಮನೆಗೆ ಬಂದ ಮೂರು ವರ್ಷದಿಂದ ಒಂದು ಕಣ್ಣು ತೆರೆದುಕೊಂಡೇ ಮಲಗುತ್ತಿದ್ದ ಗಂಡ ಹಾಡುಹಗಲೇ ಗೊರಕೆ ಹೊಡೆಯುತ್ತಿದ್ದ. ಸಮಾಧಾನ ಹೇಳಲು ಬಂದ ಪಕ್ಕದ ಮನೆಯವರನ್ನು ಬಾಗಿಲಲ್ಲೇ ತಡೆದು, "ನಮ್ಮವರು ತುಂಬಾ ದುಃಖದಲ್ಲಿದಾರೆ, ಈಗ ಮಾತಾಡಿಸ್ಬೇಡಿ" ಎಂದಳು.