ಮೊಟ್ಟೆಯ ಡಬ್ಬದಲ್ಲಿ ಹನ್ನೆರಡು ಟ್ಯಾಪೆಟ್

"ನನ್ನ ಹೆಬ್ಬೆರಳಿಗೆ ಸುಳ್ಳು ಹೇಳೋ ಟ್ಯಾಪೆಟ್ ಉತ್ತರ ಡಕೋಟದಲ್ಲಿ ಇನ್ನೂ ಹುಟ್ಟಿಲ್ಲ" ಎಂದು ಡೆಲ್ಮರ್ ಹಸ್ಬಿ ಐವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದ. ಊರು ನಂಬಿತ್ತು. ಕಾಫಿ ಲೋಟದ ಅಂಚು ಸವರಿ, ಅದನ್ನು ತೊಳೆದವಳು ಆವತ್ತು ಗಂಡನ ಮೇಲೆ ಮುನಿದಿದ್ದಳೋ ಇಲ್ಲವೋ ಹೇಳಬಲ್ಲ ಹೆಬ್ಬೆರಳು ಅದು. ಹಳೆಯ ಗಾಡಿಯ ಎಂಜಿನ್ ಬಿಚ್ಚಿದವರೆಲ್ಲ ಟ್ಯಾಪೆಟ್‌ಗಳನ್ನು ತಂದು ಅವನ ಮುಂದಿಡುತ್ತಿದ್ದರು. ವಾಲ್ವ್ ತೆರೆಯುವಂತೆ ದೂಡುವ ಈ ಗಿಡ್ಡ ಉಕ್ಕಿನ ತುಂಡಿನ ತಳ ಕಣ್ಣಿಗೆ ಕಾಣದಷ್ಟು ಉಬ್ಬಿರಬೇಕು. ಸವೆದು ತಗ್ಗಾಯಿತೋ, ಕೆಳಗೆ ತಿರುಗುವ ಕ್ಯಾಮ್ ಶಾಫ್ಟನ್ನೇ ತಿಂದುಹಾಕುತ್ತದೆ. ಡೆಲ್ಮರ್ ಒಮ್ಮೆ ಸವರಿ, ಇದಿರಲಿ, ಇದು ಹೋಗಲಿ ಎನ್ನುತ್ತಿದ್ದ. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಅಣ್ಣ ನಾರ್ವಲ್ ಸತ್ತದ್ದು ಜನವರಿಯಲ್ಲಿ. ಆ ಚಳಿಗೆ ಗೋಡೆಯ ಹೊರಗಿದ್ದ ಥರ್ಮಾಮೀಟರೇ ಒಳಗೆ ಬಂದು ಒಲೆಯ ಪಕ್ಕ ಕೂತಿತ್ತು. ನೆಲ ಗುದ್ದಲಿಯನ್ನೇ ಮುರಿಯುವಂತಿತ್ತು. ಚಳಿಗಾಲದ ಹೆಣಗಳಿಗೆಲ್ಲ ಮಾಡುವಂತೆ ನಾರ್ವಲ್‌ನನ್ನೂ ಸ್ಮಶಾನದ ಕಲ್ಲುಕೋಣೆಯಲ್ಲಿಟ್ಟು ಮೇ ತಿಂಗಳಿಗೆ ಕಾಯುವುದಾಯಿತು. ಚರ್ಚಿನಲ್ಲಿ ಡೆಲ್ಮರ್ ದುಃಖ ಬರಲೆಂದು ಕಾದು ಕೂತ. ಬಂದದ್ದು ಆಕಳಿಕೆ. ಆಮೇಲೆ ಹ್ಯಾಮ್ ಬನ್ ಎರಡು ತಿಂದ. ಎರಡಕ್ಕೂ ರಟ್ಟಿನ ರುಚಿ. ಆ ವಾರವೇ ಬೆರಳ ತುದಿಗಳೂ ಮರಗಟ್ಟಿದವು. ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಡೆಲ್ಮರ್ ಯಾರಿಗೂ ಹೇಳಲಿಲ್ಲ.

ನಾರ್ವಲ್ ಬಿಟ್ಟುಹೋದದ್ದು ಒಂದೇ ಮಾತು: "ನನ್ನನ್ನ ಮಣ್ಣಿಗೆ ನನ್ನ ಮೂವತ್ತೊಂಬತ್ತನೇ ಇಸವಿ ಷೆವರ್ಲೆ ಪಿಕಪ್ಪಲ್ಲೇ ಕರ್ಕೊಂಡು ಹೋಗು." ಅದರ ಎಂಜಿನ್ನನ್ನು ಅಣ್ಣತಮ್ಮಂದಿರು ಅಕ್ಟೋಬರಿನಲ್ಲಿ ಬಿಚ್ಚಿದ್ದರು. ಹನ್ನೆರಡು ಟ್ಯಾಪೆಟ್‌ಗಳನ್ನು ನಾರ್ವಲ್ ಮೊಟ್ಟೆಯ ಡಬ್ಬದಲ್ಲಿಟ್ಟು, ಒಂದೊಂದು ಗುಳಿಗೂ ನಂಬರು ಬರೆದಿದ್ದ. ಹಳೆಯ ಟ್ಯಾಪೆಟ್ ತಾನು ಸವೆದ ಜಾಗಕ್ಕೇ ಮರಳಬೇಕು; ಪಕ್ಕದ ಮನೆ ಹೊಕ್ಕರೆ ಎರಡು ಮನೆಯೂ ಹಾಳು. ಕೆಟ್ಟದ್ದರ ಜಾಗಕ್ಕೆ ಮಾತ್ರ ಹೊಸದು.

ಏಪ್ರಿಲಿನಲ್ಲಿ ಡೆಲ್ಮರ್ ಶೆಡ್ಡಿನ ಕಿಟಕಿಯ ಬಳಿ ಡಬ್ಬ ತೆರೆದ. ಒಂದನ್ನು ಸವರಿದ. ಏನೂ ತಿಳಿಯಲಿಲ್ಲ. ಇನ್ನೊಂದು. ಕೊರಡಿನಿಂದ ಕೊರಡನ್ನು ಮುಟ್ಟಿದಂತೆ. ಹನ್ನೆರಡನ್ನೂ ಸವರಿ, "ಎಲ್ಲಾ ಚೆನ್ನಾಗಿವೆ" ಎಂದ. ತರಿಸಿಟ್ಟಿದ್ದ ಹೊಸ ಟ್ಯಾಪೆಟ್‌ಗಳ ಪೆಟ್ಟಿಗೆಯನ್ನು ಬಿಚ್ಚಲೇ ಇಲ್ಲ.

ಕಾಫಿ ತಂದಿದ್ದ ನಾರ್ವಲ್‌ನ ಹೆಂಡತಿ ಆರ್ಲಿಸ್ ಅಲ್ಲೇ ನಿಂತಿದ್ದಳು. ನಲವತ್ತು ವರ್ಷ ಮೊಟ್ಟೆ ಮಾರಿದವಳು. ಬೆಳಕಿಗೆ ಹಿಡಿದು ನೋಡದೆ ಒಂದನ್ನೂ ಡಬ್ಬಕ್ಕೆ ಹಾಕಿದವಳಲ್ಲ. ಊರಿಗೆ ಹೊಸ ಪಾದ್ರಿ ಬಂದರೂ ಮೊದಲು ಕಿಟಕಿಯ ಕಡೆ ತಿರುಗಿಸಿ ನೋಡುವಳು.

"ಹನ್ನೆರಡಕ್ಕೆ ಹನ್ನೆರಡೂನಾ?"

"ಹೂಂ."

"ನನ್ನ ಕೋಳಿಗಳ ಕೈಲೂ ಅದು ಆಗಿಲ್ಲ ಕಣೋ."

ಒಂದು ಟ್ಯಾಪೆಟ್‌ನ ತಳವನ್ನು ಇನ್ನೊಂದರ ನೆಟ್ಟಗಿನ ಪಕ್ಕಕ್ಕೆ ಆನಿಸಿ ಕಿಟಕಿಗೆ ಹಿಡಿದಳು. ನಡುವೆ ತಾಗಿ, ಎರಡೂ ಅಂಚಿನಲ್ಲಿ ಬೆಳಕು ಇಣುಕಿತು. ಉಬ್ಬು ಇದೆ; ಸರಿ. ನಾಲ್ಕನೆಯದರಲ್ಲಿ ಬೆಳಕು ನಟ್ಟನಡುವೆ ಕಂಡಿತು. ಏಳರಲ್ಲೂ. ಹನ್ನೊಂದರಲ್ಲೂ.

"ಮೂರು ಕೊಳೆತಿವೆ. ಎಲ್ಲಪ್ಪಾ ನಿನ್ನ ಹೆಬ್ಬೆರಳು, ರಜಾ ಹಾಕಿದ್ಯಾ?"

ಡೆಲ್ಮರ್ ಕಾಫಿ ಲೋಟದೊಳಗೆ ನೋಡಿದ. "ಜನವರಿಯಿಂದ ಏನೂ ಗೊತ್ತಾಗ್ತಿಲ್ಲ ಅತ್ತಿಗೆ."

"ಬೆರಳಿಗಾ?"

"ಬೆರಳಿಗೂ."

ಆರ್ಲಿಸ್ ಏಳನೆಯದನ್ನು ಪಕ್ಕಕ್ಕಿಟ್ಟಳು. "ನಂಗೂ ಅಳು ಬಂದಿಲ್ಲ" ಎಂದಳು, ಮೊಟ್ಟೆಯ ಬೆಲೆ ಹೇಳುವ ದನಿಯಲ್ಲಿ. "ಆ ಪೆಟ್ಟಿಗೆ ಬಿಚ್ಚು. ಹೊಸದು ಅಂತ ನಂಬೋದು ಬೇಡ, ಅದನ್ನೂ ನೋಡೇ ಹಾಕೋಣ."

ಹೊಸದರಲ್ಲೂ ಎರಡನ್ನು ಅವಳು ತಳ್ಳಿಹಾಕಿದಳು.

ಮೇ ತಿಂಗಳಲ್ಲಿ ನೆಲ ಸಡಿಲಿತು. ನಾರ್ವಲ್‌ನ ಶವಪೆಟ್ಟಿಗೆಯನ್ನು ಕಲ್ಲುಕೋಣೆಯಿಂದ ತಂದು ಪಿಕಪ್ಪಿನ ಹಿಂದೆ ಏರಿಸಿದರು. ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಬಂದವರೆಲ್ಲ ಹ್ಯಾಟು ತೆಗೆದು ಮೌನವಾಗಿ ನಿಂತಿದ್ದರು. ಆ ಮೌನದಲ್ಲಿ ಎಂಜಿನ್ನಿನ ಒಳಗಿಂದ ಟಕ್, ಟಕ್, ಟಕ್.

ಪಕ್ಕದಲ್ಲಿ ಕೂತಿದ್ದ ಆರ್ಲಿಸ್ ಬಗ್ಗಿ ಪಿಸುಗುಟ್ಟಿದಳು. "ಒಂದು ಟ್ಯಾಪೆಟ್ ಟಕಟಕ ಅಂತಿದೆಯಲ್ಲೋ! ಬೆರಳು ಹೋಯ್ತು ಸರಿ, ಕಿವೀನೂ ಹೋಯ್ತಾ? ಇಳಿದು ಬಿಗಿ ಮಾಡು, ಜನ ನೋಡ್ತಿದಾರೆ."

ಡೆಲ್ಮರ್ ಗೇರ್ ಹಾಕಿದ.

"ಬೇಕಂತಲೇ ವಾಲ್ವಿನ ಹತ್ರ ಕೂದಲೆಳೆ ಸಡಿಲ ಬಿಟ್ಟಿದೀನಿ ಅತ್ತಿಗೆ. ಬಿಗಿ ಮಾಡಿ ಸದ್ದಡಗಿಸಿದ ವಾಲ್ವೇ ಮೊದಲು ಸುಟ್ಟುಹೋಗೋದು. ನಮ್ಮ ಮನೆ ಕಡೆಯಿಂದ ಇವತ್ತು ಒಬ್ಬರಾದ್ರೂ ಸದ್ದು ಮಾಡ್ಲಿ ಬಿಡಿ."